ಹನ್ನೆರಡನೆಯ ನಂಬರಿನ ಕ್ಯಾನು

ಹೋದ ವಾರ ಹೊಲದ ಬದುವಿನಲ್ಲಿ ಊಟಕ್ಕೆ ಕುಳಿತಿದ್ದಾಗ ಪಕ್ಕದ ಹೊಲದ ಗೌರವ್ವ ನನಗೆ ಮಜ್ಜಿಗೆ ಬಗ್ಗಿಸಿ ಕೊಟ್ಟಳು. ಬಗ್ಗಿಸಿದ್ದು ನೀಲಿ ಮುಚ್ಚಳದ ಬಿಳಿ ಪ್ಲಾಸ್ಟಿಕ್ ಕ್ಯಾನಿನಿಂದ. ಬಿಸಿಲಿಗೆ ಕಾದ ಆ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ನಾನು ಲೋಟ ಕೆಳಗಿಟ್ಟೆ. ಇದು ಹೊಸ ಕ್ಯಾನು, ಇದರಲ್ಲಿ ಯಾರೂ ಏನೂ ಹಾಕಿಲ್ಲ, ಡಾಕ್ಟರಮ್ಮ ಉಳಿದವನ್ನು ಹಂಚಿ ಹೋದಳಲ್ಲ ಅವುಗಳಲ್ಲೊಂದು ಎಂದು ಗೌರವ್ವ ಹೇಳಿದಳು. ಅದು ನನಗೂ ಗೊತ್ತು. ಅಂಥ ಕ್ಯಾನು ನಮ್ಮ ಓಣಿಯಲ್ಲಿ ಮನೆಗೊಂದು ಇದೆ. ಕೆಲವರು ಹೊಲಕ್ಕೆ ನೀರು ಒಯ್ಯುತ್ತಾರೆ, ಕೆಲವರು ಶೇಂಗಾ ಎಣ್ಣೆ ತುಂಬಿಡುತ್ತಾರೆ. ನನ್ನ ಮನೆಯಲ್ಲಿ ಮಾತ್ರ ಇಲ್ಲ.

ನನ್ನ ಹೆಸರು ಹುಲಿಗೆವ್ವ. ಊರು ತಾವರಗೇರಾದ ಹತ್ತಿರ. ಓದಿದ್ದು ಮೂರನೆಯ ತರಗತಿ. ಇದನ್ನು ನಾನೇ ಬರೆದಿದ್ದೇನೆ, ಮೊಮ್ಮಗಳು ಅಕ್ಷರ ತಿದ್ದಿದ್ದಾಳೆ. ಅವಳು ಎರಡು ಕಡೆ ಕಣ್ಣೀರು ಸೇರಿಸಿದ್ದಳು, ಹೊಡೆದು ಹಾಕಿಸಿದೆ. ಆಸ್ಪತ್ರೆಯ ಹೆಸರನ್ನೂ ಅದು ಇರುವ ಊರಿನ ಹೆಸರನ್ನೂ ಬರೆಯುವುದಿಲ್ಲ. ಹೆದರಿಕೆಯೇ ಅನ್ನಿ. ನನ್ನ ನೆಗೆಣ್ಣಿ ಯಲ್ಲವ್ವ ಈಗಲೂ ವಾರಕ್ಕೆ ಎರಡು ಸಲ ರಕ್ತ ತೊಳೆಸಿಕೊಳ್ಳಲು ಅಲ್ಲಿಗೇ ಹೋಗಬೇಕು.

ಯಲ್ಲವ್ವ ನನ್ನ ಮೈದುನನ ಹೆಂಡತಿ. ನನಗಿಂತ ಹತ್ತು ವರ್ಷ ಚಿಕ್ಕವಳು. ನಮ್ಮಿಬ್ಬರ ಮನೆಯ ನಡುವೆ ಒಂದೇ ಗೋಡೆ. ಮೂವತ್ತು ವರ್ಷ ನಾವಿಬ್ಬರೂ ಆ ಗೋಡೆಯ ಆಚೆ ಈಚೆ ನಿಂತು ಜಗಳವಾಡಿದ್ದೇವೆ. ಆದರೆ ಉಪ್ಪಿನ ಚೀಲ ಮಾತ್ರ ಯಾವತ್ತೂ ಒಂದೇ. ಅತ್ತೆ ಇದ್ದಾಗ ಹಾಗೆಯೇ ತರುತ್ತಿದ್ದರು, ಬೇರೆಯಾದ ಮೇಲೂ ಹಾಗೆಯೇ ಉಳಿಯಿತು. ಸಂತೆಯಲ್ಲಿ ಒಂದು ಚೀಲ ಹರಳುಪ್ಪು ತಂದು ನಾನು ಅರ್ಧ, ಅವಳು ಅರ್ಧ. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೆ ಹೇಳಿದೆ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ವರ್ಷ ಅದು. ಕಾರಹುಣ್ಣಿಮೆ ಮುಗಿದು ಎತ್ತುಗಳ ಕೋಡಿನ ಬಣ್ಣ ಇನ್ನೂ ಹೋಗಿರಲಿಲ್ಲ. ಮಳೆ ತಡವಾಗಿತ್ತು. ಒಂದು ಬಿಳಿ ವ್ಯಾನಿನಲ್ಲಿ ಡಾಕ್ಟರ್ ಅನುಷಾ ನಮ್ಮ ಊರಿಗೆ ಬಂದಳು. ಮೈಸೂರು ಕಡೆಯ ಹುಡುಗಿ, ನನ್ನ ದೊಡ್ಡ ಮೊಮ್ಮಗಳ ವಯಸ್ಸು. ಡಾಕ್ಟರಾದ ಮೇಲೂ ಇನ್ನೂ ದೊಡ್ಡ ಡಾಕ್ಟರಾಗಲು ಆ ಆಸ್ಪತ್ರೆಯಲ್ಲಿ ಓದುತ್ತಿದ್ದಳು. ಹಾಗೆ ಓದುವವರು ಒಂದು ಸಂಶೋಧನೆ ಮಾಡಿ ಪುಸ್ತಕ ಬರೆದು ಕೊಡಬೇಕಂತೆ, ಕೊಡದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಇವಳ ಪುಸ್ತಕ ಉಪ್ಪಿನ ಬಗ್ಗೆ. ಹೊಲದಲ್ಲಿ ದುಡಿಯುವ ಹೆಂಗಸರು ಎಷ್ಟು ಉಪ್ಪು ತಿನ್ನುತ್ತಾರೆ, ಅದರಿಂದ ಬಿಪಿ ಏರುತ್ತದೆಯೇ, ಮೂತ್ರಪಿಂಡ ಹೇಗಿದೆ, ಇಷ್ಟು. ಬೇರೆ ಊರುಗಳನ್ನೆಲ್ಲ ಮುಗಿಸಿದ್ದಳು, ನಮ್ಮದು ಕಡೆಯ ಊರು.

ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಹೆಂಗಸರನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ರಕ್ತ ತೆಗೆಯುವುದಿಲ್ಲ, ಸೂಜಿ ಇಲ್ಲ. ಒಂದು ದಿನ ಬೆಳಗಿನಿಂದ ಮರುದಿನ ಬೆಳಗಿನವರೆಗೆ ಹೋದ ಉಚ್ಚೆಯನ್ನೆಲ್ಲ ಒಂದು ಹನಿ ಬಿಡದೆ ಈ ಕ್ಯಾನಿನಲ್ಲಿ ಹಿಡಿದಿಡಬೇಕು. ಅಷ್ಟು ಹೇಳುವಷ್ಟರಲ್ಲಿ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಒಬ್ಬೊಬ್ಬರೇ ಎದ್ದರು. ನನ್ನ ಮೊಣಕಾಲು ಬೇಗ ಏಳಿಸುವುದಿಲ್ಲ, ಹಾಗಾಗಿ ನಾನು ಉಳಿದೆ. ಅವಳ ಜೊತೆಗಿನ ನನ್ನ ಸಂಬಂಧ ಹುಟ್ಟಿದ್ದು ಹೀಗೆ.

ಮಧ್ಯಾಹ್ನ ನಮ್ಮ ಮನೆಯಲ್ಲಿ ಉಂಡಳು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಎರಡು ರೊಟ್ಟಿ ತಿಂದಳು. ಪಲ್ಯಕ್ಕೆ ಎಷ್ಟು ಉಪ್ಪು ಹಾಕುತ್ತೀರಿ ಎಂದು ಕೇಳಿದಳು. ನಾನು ಕೈ ತೋರಿಸಿದೆ. ಚೀಲದಿಂದ ಒಂದು ಸಣ್ಣ ತಕ್ಕಡಿ ತೆಗೆದು ನನ್ನ ಚಿಟಿಕೆ ಉಪ್ಪನ್ನು ಮೂರು ಸಲ ತೂಗಿದಳು, ಮೂರು ಸಲವೂ ಬೇರೆ ಬೇರೆ ಬಂತು.

"ಅಜ್ಜಿ, ನಿಮ್ಮ ಕೈಗೆ ಒಂದು ಅಳತೆನೇ ಇಲ್ವಲ್ಲ" ಎಂದು ನಕ್ಕಳು.

ನಾನೂ ನಕ್ಕೆ. ಇಷ್ಟು ವರ್ಷ ನನ್ನ ಕೈ ಉಪ್ಪನ್ನು ಉಂಡವರು ಯಾರೂ ಅದನ್ನು ತೂಗಿ ನೋಡಿರಲಿಲ್ಲ. ಹುಡುಗಿ ಛಲೋ ಅನ್ನಿಸಿತು. ಒಂದು ಮಾತು ಕೇಳಿದೆ. ನಮ್ಮ ಉಚ್ಚೆಯಿಂದ ನಿನಗೆ ಪುಸ್ತಕ ಆಗುತ್ತದೆ, ನಮ್ಮ ಹೆಂಗಸರಿಗೆ ಏನಾಗುತ್ತದೆ? ಅವಳು ತಡವರಿಸದೆ ಹೇಳಿದಳು: "ಯಾರಿಗೇ ಏನೇ ತೊಂದ್ರೆ ಇದ್ರೂ ನಾನೇ ಬಂದು ಹೇಳ್ತೀನಿ ಅಜ್ಜಿ. ಆ ಮಾತು ನೀವು ಅವ್ರಿಗೆ ಮುಟ್ಟಿಸಿ."

ಮುಟ್ಟಿಸಿದೆ. ಮೂರು ದಿನ ಕೋಲು ಹಿಡಿದು ಮನೆ ಮನೆ ತಿರುಗಿದೆ. ತೊಂದರೆ ಇದ್ದರೆ ಅವಳೇ ಬಂದು ಹೇಳುತ್ತಾಳೆ ಎಂದು ಹೇಳಿ ಹದಿನೆಂಟು ಹೆಂಗಸರನ್ನು ಒಪ್ಪಿಸಿದೆ. ಅವರು ಹೆಬ್ಬೆಟ್ಟು ಒತ್ತಿದ್ದು ಅವಳ ಕಾಗದದ ಮೇಲೆ, ನಂಬಿದ್ದು ನನ್ನನ್ನು. ಆ ಫಾರಮ್ಮುಗಳಲ್ಲಿ ಏನಿದೆಯೆಂದು ಓದಲು ಬರುತ್ತಿದ್ದುದು ನನಗೊಬ್ಬಳಿಗೆ, ಅದೂ ಅರ್ಧಂಬರ್ಧ.

ಕಡೆಗೆ ಉಳಿದವಳು ಯಲ್ಲವ್ವ. ಅವಳಿಗೆ ಸಂಜೆಯಾದರೆ ಮುಖ ಊದುತ್ತಿತ್ತು, ತಲೆ ಸಿಡಿಯುತ್ತದೆ ಎಂದು ಅಮೃತಾಂಜನ ಹಚ್ಚಿಕೊಂಡು ಮಲಗುತ್ತಿದ್ದಳು. ಅದಕ್ಕೇ ಅವಳನ್ನು ಸೇರಿಸಲೇಬೇಕು ಅನ್ನಿಸಿತ್ತು. ಉಳಿದ ಹದಿನೇಳು ಮಂದಿಯನ್ನು ಡಾಕ್ಟರಮ್ಮನ ಸಲುವಾಗಿ ಒಪ್ಪಿಸಿದೆ, ಯಲ್ಲವ್ವನನ್ನು ಯಲ್ಲವ್ವನ ಸಲುವಾಗಿ.

"ನಿನ್ನ ಡಾಕ್ಟರಗ ಬೇಕಾಗಿದ್ದು ನನ್ನ ಉಚ್ಚಿ ಏನು, ನನ್ನ ಮಾನ ಏನು?" ಎಂದು ಗೋಡೆಯ ಆಚೆಯಿಂದ ಕೇಳಿದಳು.

"ನಿನ್ನ ಮಾನ ತಗೊಂಡು ಅಕಿ ಏನ್ ಮಾಡ್ತಾಳ? ಕ್ಯಾನಿನ ತಳಕ್ಕೂ ಹತ್ತಂಗಿಲ್ಲ ಅದು" ಎಂದೆ. ಅವಳಿಗೆ ನಗು ಬಂತು. ನಗು ಬಂದರೆ ಯಲ್ಲವ್ವ ಒಪ್ಪಿದಳೆಂದೇ ಲೆಕ್ಕ.

ಕ್ಯಾನು ತುಂಬಿಸುವ ದಿನ ಬಂತು. ಮನೆಯಲ್ಲಿದ್ದವರಿಗೆ ಕಷ್ಟವಾಗಲಿಲ್ಲ. ಯಲ್ಲವ್ವ ಮಾತ್ರ ಆ ದಿನ ಗೌಡರ ಹೆಸರುಕಾಳಿನ ಹೊಲಕ್ಕೆ ಕಸ ತೆಗೆಯಲು ಹೋಗಬೇಕಿತ್ತು. ಒಂದು ಮಳೆ ಬಿದ್ದು ಕಸ ಎದ್ದಿತ್ತು, ಆಳು ಸಿಗದ ದಿನಗಳು. ಹೊಲದಲ್ಲಿ ಎತ್ತು ಹೂಡಿ ಸಾಲಿನ ನಡುವೆ ಎಡೆ ಹೊಡೆಯುವ ಗಂಡಸರು. ಅಷ್ಟು ದೊಡ್ಡ ಬಿಳಿ ಕ್ಯಾನು ಹಿಡಿದು ಬೇಲಿಯ ಮರೆಗೆ ಹೋಗುವುದು, ಮತ್ತೆ ತರುವುದು, ಅದನ್ನು ಬದುವಿನಲ್ಲಿ ಇಡುವುದು ಯಾವ ಹೆಂಗಸಿಗೆ ಆಗುತ್ತದೆ? ಬೆಳಿಗ್ಗೆ ಬಂದು ಕ್ಯಾನನ್ನು ನನ್ನ ಹೊಸ್ತಿಲ ಮೇಲೆ ಇಟ್ಟಳು.

"ಮನಿಯಾಗ ಕುಂದ್ರಾಕಿ ನೀನ, ನಂದೂ ನೀನ ತುಂಬಿಸಿಬಿಡು. ಅಕಿ ನೋಡೂದು ಉಪ್ಪ. ನೀನೂ ಅದ ಚೀಲದ ಉಪ್ಪ ತಿಂತಿ, ನಾನೂ ಅದ ಚೀಲದ ಉಪ್ಪ ತಿಂತೀನಿ. ಏನ್ ಬ್ಯಾರೆ ಇರತೈತಿ?"

ನನಗೆ ಅದು ಸರಿ ಎನ್ನಿಸಿತು. ಈಗ ಹೇಳಲು ನಾಚಿಕೆ, ಆದರೆ ಸರಿ ಎನ್ನಿಸಿತು. ಒಂದು ಚೀಲದ ಉಪ್ಪು, ಒಂದು ಬೋರಿನ ನೀರು. ಆ ದಿನ ಇಬ್ಬರ ಪಾಲಿನ ನೀರು ಕುಡಿದೆ. ಪ್ರತಿ ಸಲವೂ ತಂಬಿಗೆಯಲ್ಲಿ ಹಿಡಿದು ಅರ್ಧ ನನ್ನ ಕ್ಯಾನಿಗೆ, ಅರ್ಧ ಅವಳ ಕ್ಯಾನಿಗೆ ಹಾಕಿದೆ. ಉಪ್ಪಿನ ಚೀಲ ಪಾಲು ಮಾಡುವಾಗಲೂ ಅಷ್ಟು ನ್ಯಾಯವಾಗಿ ಮಾಡಿರಲಿಲ್ಲ. ಮರುದಿನ ವ್ಯಾನು ಬಂತು. ಅವರು ನನ್ನ ಕ್ಯಾನಿಗೆ ಹನ್ನೊಂದು ಎಂದು ಚೀಟಿ ಅಂಟಿಸಿದರು, ಯಲ್ಲವ್ವನದಕ್ಕೆ ಹನ್ನೆರಡು.

ಆಷಾಢದ ಗಾಳಿ ಎದ್ದಿತ್ತು. ಮೋಡ ಮೇಲೆ ಓಡುತ್ತಿತ್ತು, ಮಳೆ ಇಳಿಯುತ್ತಿರಲಿಲ್ಲ, ಅಂಗಳದಲ್ಲಿ ಹಿಟ್ಟು ಜರಡಿ ಹಿಡಿಯುವಂತಿರಲಿಲ್ಲ. ಅಂಥ ಒಂದು ಗುರುವಾರ ಅನುಷಾ ಬಿಪಿ ನೋಡುವ ಯಂತ್ರ ಹಿಡಿದು ಬಂದಳು. ನಮ್ಮ ಒಳಮನೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ನೋಡಿದಳು. ಯಲ್ಲವ್ವನ ಸರದಿ ಬಂದಾಗ ಪಟ್ಟಿಯನ್ನು ಮೂರು ಸಲ ಕಟ್ಟಿ ಬಿಚ್ಚಿದಳು. ಅವಳ ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದ ಜಾಗ ಹಸಿ ಮಣ್ಣಿನಲ್ಲಿ ಒತ್ತಿದಂತೆ ತಗ್ಗಾಗಿಯೇ ನಿಂತಿತು. ಆಮೇಲೆ ಕಾಗದ ನೋಡಿ, ಬಿಪಿ ಜಾಸ್ತಿ ಇದೆ, ಆದರೆ ಯೂರಿನ್ ಚೆನ್ನಾಗಿದೆ, ಮೂತ್ರಪಿಂಡಕ್ಕೆ ಏನೂ ಆಗಿಲ್ಲ, ದುಡಿದ ಆಯಾಸ ಇರಬಹುದು, ಉಪ್ಪಿನಕಾಯಿ ಬಿಡಿ ಎಂದಳು.

ಯಲ್ಲವ್ವ ನನ್ನನ್ನು ನೋಡಿದಳು. ನಾನು ಅವಳ ಕಾಲಿನ ತಗ್ಗನ್ನು ನೋಡುತ್ತಿದ್ದೆ. ಅದು ಇನ್ನೂ ತುಂಬಿರಲಿಲ್ಲ.

ಹೊರಗಿನವರಿಗೆ ಕೇಳದಂತೆ ಬಾಗಿಲು ಮುಂದೆ ಮಾಡಿ ಹೇಳಿಬಿಟ್ಟೆ. ಆ ಉಚ್ಚೆ ಅವಳದಲ್ಲ, ನನ್ನದು. ಛಲೋ ಇರುವುದು ನನ್ನ ಮೂತ್ರಪಿಂಡ. ತಪ್ಪು ನನ್ನದೇ, ನನ್ನನ್ನು ಬೈಯಿ, ಇವಳದನ್ನು ಇನ್ನೊಮ್ಮೆ ನೋಡು.

ಅನುಷಾ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕಾಗದವನ್ನು ಮಡಚಿ ಚೀಲಕ್ಕೆ ಹಾಕಿದಳು. ಆಮೇಲೆ ನನ್ನ ಕೈ ಹಿಡಿದು, "ಈ ಮಾತು ನಮ್ಮ ಮೂವರಲ್ಲೇ ಇರಲಿ ಅಜ್ಜಿ" ಎಂದಳು. ವ್ಯಾನಿನಿಂದ ಹೊಸ ಕ್ಯಾನು ತರಿಸಿ ಅದಕ್ಕೆ ಹನ್ನೆರಡು ಎಂದು ತಾನೇ ಬರೆದು ಅಂಟಿಸಿದಳು. ಯಾವುದಾದರೂ ಭಾನುವಾರ ತುಂಬಿಸಿ ತಂಪಿನಲ್ಲಿಡಿ, ಫೋನು ಮಾಡಿ, ಸೋಮವಾರ ಬಂದು ಒಯ್ಯುತ್ತೇನೆ, ಈ ಸಲ ಹನಿಯೂ ಬೇರೆಯವರದಿರಬಾರದು ಎಂದಳು. ಹೋಗುವಾಗ ಉಳಿದ ಖಾಲಿ ಕ್ಯಾನುಗಳನ್ನು ಓಣಿಗೆ ಹಂಚಿದಳು. ಸಂಶೋಧನೆ ಮುಗಿಸಿದವರು ಸಾಮಾನು ಹಂಚುತ್ತಾರೆ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂತು. ನಮ್ಮ ಕಡೆಯ ಹೆಂಗಸರು ಪ್ರತಿ ವರ್ಷ ಗುಂಪು ಕಟ್ಟಿಕೊಂಡು ಕಾರಟಗಿ ಕಡೆ ಭತ್ತದ ನಾಟಿಗೆ ಹೋಗುತ್ತಾರೆ. ಯಲ್ಲವ್ವನ ಕೈ ನಾಟಿಯಲ್ಲಿ ಹೆಸರಾದ ಕೈ. ಗುಂಪಿನಲ್ಲಿ ಸಾಲು ಹಿಡಿದು ಮುಂದೆ ಹೋಗುವವಳು ಅವಳೇ. ಗುಂಪಿನ ಕ್ರೂಸರ್ ಜೀಪು ಹೊರಡುವುದು ಒಂದು ಭಾನುವಾರ ಎಂದಾಯಿತು. ಆ ಭಾನುವಾರವನ್ನೇ ಯಲ್ಲವ್ವ ಕ್ಯಾನಿಗೆ ಆರಿಸಿಕೊಂಡಳು. ಗುಂಪಿನಿಂದ ಹಿಂದೆ ಉಳಿದಳು. ಸಾಲಿನ ಮುಂದಿನ ಜಾಗ ಬೇರೆಯವಳಿಗೆ ಹೋಗುತ್ತದೆ ಎಂದು ಗೊತ್ತಿದ್ದೂ ಉಳಿದಳು. ನಾನು ಒತ್ತಾಯ ಮಾಡಿದೆ, ಸುಳ್ಳಾಡುವುದಿಲ್ಲ. ಹೋದರೆ ಹದಿನೈದು ದಿನ, ಬಂದ ಮೇಲೆ ಮಾಡಿಸೋಣ ಎಂದು ಅವಳು ಅಂದಿದ್ದಳು. ಬೇಡ, ಆ ತಗ್ಗು ನನಗೆ ಸರಿ ಕಾಣಲಿಲ್ಲ ಎಂದೆ.

ಆ ದಿನ ಅವಳು ಮನೆಯ ಬಾಗಿಲು ದಾಟಲಿಲ್ಲ. ಮರುದಿನ ಬೆಳಗಿನ ಕಡೆಯ ಹನಿಯವರೆಗೂ ಹಿಡಿದಳು. ಕ್ಯಾನಿನಲ್ಲಿ ನೊರೆ ಬಂದಿತ್ತು, ಹಾಲು ಕರೆದ ಚರಿಗೆಯಲ್ಲಿ ಬರುತ್ತದಲ್ಲ, ಹಾಗೆ. ನನ್ನದಕ್ಕೆ ನೊರೆ ಇರಲಿಲ್ಲ, ಅದು ನೆನಪಿತ್ತು. ಅವಳಿಗೆ ಹೇಳಲಿಲ್ಲ. ನೀರಿನ ಹರವಿಯ ಪಕ್ಕದಲ್ಲಿ ಮರಳು ನೆನೆಸಿ ಅದರಲ್ಲಿ ಕ್ಯಾನನ್ನು ಹೂತು, ಮೇಲೆ ಹಸಿ ಗೋಣಿತಟ್ಟು ಹೊದಿಸಿದೆ. ಫೋನು ಮಾಡಿದೆ. ಬರುತ್ತೇನೆ ಅಜ್ಜಿ ಎಂದಳು.

ಸೋಮವಾರ ಬರಲಿಲ್ಲ. ಸಂಜೆ ಫೋನು ಮಾಡಿದರೆ ಎತ್ತಲಿಲ್ಲ. ಗೋಣಿತಟ್ಟಿಗೆ ತಾಸಿಗೊಮ್ಮೆ ನೀರು ಚಿಮುಕಿಸಿದೆ. ಯಲ್ಲವ್ವ ಗೋಡೆಯ ಆಚೆಯಿಂದ, ನಿನ್ನ ಡಾಕ್ಟರ್ ನನ್ನ ಉಚ್ಚೆ ಒಯ್ಯಲು ಮುಹೂರ್ತ ನೋಡುತ್ತಿರಬೇಕು ಎಂದು ಚುಚ್ಚಿದಳು. ಮಂಗಳವಾರ ನಾನು ಕ್ಯಾನನ್ನು ಹೊರತೆಗೆದು ಹಸಿ ಅರಿವೆ ಸುತ್ತಿ ಬಸ್ಸಿಗೆ ಹೊರಟೆ.

ತಾವರಗೇರಾದಲ್ಲಿ ಹತ್ತಿದೆ. ಕಂಡಕ್ಟರ್ ಕ್ಯಾನನ್ನು ಕಾಲಿನಿಂದ ಮುಟ್ಟಿ ನೋಡಿದ.

"ಏನೈತಿ ಬೇ ಇದ್ರಾಗ? ಹೆಂಗಸ್ರಿಗೆ ಟಿಕೇಟ್ ಇಲ್ಲ ಖರೇ, ಎಣ್ಣಿ ಕ್ಯಾನಿಗೆ ಐತಿ."

"ಎಣ್ಣಿ ಅಲ್ಲೋ ಯಪ್ಪಾ, ಉಚ್ಚಿ."

"ಯಾರ್ದು?"

"ನಮ್ಮ ನೆಗೆಣ್ಣೀದು. ಅಕೀನೂ ಹೆಂಗಸ, ಅಕೀದೂ ಪುಕ್ಕಟೆ."

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ದೂರ ಹೋಗಿ ನಿಂತ. ಕುಷ್ಟಗಿಯಲ್ಲಿ ಬಸ್ಸು ಬದಲಿಸುವಾಗ ಅವನೇ ಕ್ಯಾನನ್ನು ಕೆಳಗಿಳಿಸಿ ಕೊಟ್ಟ, ಮುಚ್ಚಳ ಬಿಗಿ ಇದೆಯೇ ಎಂದು ತಿರುವಿ ನೋಡಿ. ಆ ದಿನ ನನಗೆ ಸಿಕ್ಕವರಲ್ಲಿ ಆ ಕ್ಯಾನಿನ ಬಗ್ಗೆ ಕಾಳಜಿ ಮಾಡಿದವನು ಅವನೊಬ್ಬನೇ ಎಂದು ಈಗ ಅನ್ನಿಸುತ್ತದೆ.

ಆಸ್ಪತ್ರೆಯ ಮೂರನೆಯ ಅಂತಸ್ತಿನಲ್ಲಿ ಅವರ ವಿಭಾಗ. ಮೆಟ್ಟಿಲು ಹತ್ತುವಷ್ಟರಲ್ಲಿ ಮೊಣಕಾಲು ನನ್ನದಲ್ಲ ಎನ್ನುವಂತಾಯಿತು. ಗಾಜಿನ ಬಾಗಿಲ ಒಳಗೆ ದೊಡ್ಡ ಡಾಕ್ಟರು ಕುಳಿತಿದ್ದರು, ಅವರ ಮುಂದೆ ಅನುಷಾ ಕೈಕಟ್ಟಿ ನಿಂತಿದ್ದಳು, ಸಾಲೆಯಲ್ಲಿ ಮಾಸ್ತರರ ಮುಂದೆ ನಿಂತಂತೆ. ಮೇಜಿನ ಮೇಲೆ ಕಪ್ಪು ರಟ್ಟಿನ, ಬಂಗಾರದ ಅಕ್ಷರದ ನಾಲ್ಕು ದಪ್ಪ ಪುಸ್ತಕ. ಅವಳು ಗಾಜಿನಲ್ಲಿ ನನ್ನನ್ನು ಕಂಡಳು, ಕ್ಯಾನನ್ನು ಕಂಡಳು. ಬೇಗ ಹೊರಬಂದು ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದು ಕೂರಿಸಿದಳು. ಸೋಮವಾರ ವಾರ್ಡಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ ಎಂದಳು. ಚಹಾ ತರಿಸಿದಳು. ಕ್ಯಾನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬಾಗಿಲ ಹಿಂದೆ ಇಟ್ಟಳು.

ಹೋಗುವಾಗ ನಾನು ಕೇಳಿದೆ. "ನೊರಿ ಬಂದೈತಿ ಯವ್ವಾ, ಅದು ಛಲೋನೋ ಕೆಟ್ಟದ್ದೋ?"

"ನೋಡಿ ಫೋನ್ ಮಾಡ್ತೀನಿ ಅಜ್ಜಿ" ಎಂದಳು. ನನ್ನ ಮುಖ ನೋಡಲಿಲ್ಲ. ದುಡಿದು ದಣಿದಿದ್ದಾಳೆ ಅಂದುಕೊಂಡೆ.

ನಾಲ್ಕನೆಯ ದಿನ ಫೋನು ಬಂತು. ಎಲ್ಲ ಸರಿ ಇದೆ ಅಜ್ಜಿ, ಏನೂ ಹೆದರಬೇಡಿ ಎಂದಳು. ಬಿಪಿಗೆ ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿ ಎಂದೂ ಅಂದಳು, ಅದನ್ನು ಮುಚ್ಚಿಡುವುದಿಲ್ಲ. ನಾನು ಗೋಡೆಗೆ ಬಡಿದು ಯಲ್ಲವ್ವನನ್ನು ಕರೆದು ಹೇಳಿದೆ. ಬಾರಿ ಬಾರಿಗೆ ನನ್ನನ್ನು ಹೆದರಿಸಿದಿ, ನನ್ನ ಸಾಲು ಕಳೆದಿ ಎಂದು ಅವಳು ನನಗೇ ಬೈದು ಮರುದಿನ ಕಾರಟಗಿಗೆ ಹೋದಳು.

ಮಳೆ ಆಮೇಲೂ ಸರಿಯಾಗಿ ಬರಲಿಲ್ಲ. ನಾಟಿಯಿಂದ ಬಂದ ಯಲ್ಲವ್ವನ ಕಾಲು ಕಂಬದಂತೆ ಊದಿದ್ದವು. ದಿನವಿಡೀ ಕೆಸರಿನಲ್ಲಿ ನಿಂತರೆ ಯಾರ ಕಾಲು ಊದುವುದಿಲ್ಲ ಎಂದಳು. ದೀಪಾವಳಿಗೆ ಊಟ ಸೇರದಾಯಿತು, ಪಿತ್ತ ಎಂದರು. ಅವಳ ಮಗ ಗಂಗಾವತಿಗೆ ಕರೆದೊಯ್ದು ತೋರಿಸುತ್ತೇನೆ ಎಂದಾಗ ಅವಳು ಹೇಳಿದ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ. ಕಾಲೇಜಿನ ದೊಡ್ಡ ಡಾಕ್ಟರುಗಳೇ ಎರಡು ಸಲ ನೋಡಿ ಏನೂ ಇಲ್ಲ ಎಂದಿದ್ದಾರೆ, ಅಕ್ಕನನ್ನು ಕೇಳು. ಮಗ ನನ್ನನ್ನು ಕೇಳಿದ. ನಾನು ಹೌದು ಎಂದೆ.

ಮುಂದಿನ ವರ್ಷವೂ ನಾಟಿಗೆ ಹೋದಳು. ಅದರ ಮುಂದಿನ ಬೇಸಿಗೆಯಲ್ಲಿ ಉಸಿರು ಸಿಗದೆ ಬಿದ್ದಳು. ಅದೇ ಆಸ್ಪತ್ರೆಗೆ ಒಯ್ದರು. ಎರಡೂ ಮೂತ್ರಪಿಂಡ ಹೋಗಿವೆ ಎಂದರು. ಇದು ಒಂದೆರಡು ತಿಂಗಳ ಕಾಯಿಲೆ ಅಲ್ಲ, ಇಷ್ಟು ದಿನ ಯಾಕೆ ತೋರಿಸಲಿಲ್ಲ ಎಂದು ಅಲ್ಲಿನ ಡಾಕ್ಟರ್ ಶರಣು ಎಂಬವನು ಗದರಿದ. ಅವನೂ ಓದುತ್ತಿರುವವನೇ, ಕಾರಟಗಿಯ ಕಡೆಯವನು. ಯಲ್ಲವ್ವನಿಗೆ ಮಾತಾಡಲು ಆಗುತ್ತಿರಲಿಲ್ಲ, ಆದರೂ ಹೇಳಿದಳು: "ತೋರ್ಸೀನ್ರಿ. ಇಲ್ಲೇ, ನಿಮ್ಮ ಆಸ್ಪತ್ರ್ಯಾಗ. ಹನ್ನೆರಡನೇ ನಂಬರ ನಂದು."

ಶರಣುಗೆ ಅರ್ಥವಾಗಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಅವನು ನಂಬರನ್ನು ಬರೆದುಕೊಂಡ. ಮುಂದಿನ ಸಲ ನಾವು ರಕ್ತ ತೊಳೆಸಲು ಹೋದಾಗ ಒಂದು ಕಪ್ಪು ರಟ್ಟಿನ ಪುಸ್ತಕವನ್ನು ಕಂಕುಳಲ್ಲಿ ಹಿಡಿದು ಬಂದ. ವಿಭಾಗದ ಕಪಾಟಿನಲ್ಲಿ ಇತ್ತಂತೆ. ಮೇಲೆ ಬಂಗಾರದ ಅಕ್ಷರ. ನನಗೆ ಗುರುತು ಸಿಕ್ಕಿತು.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತು ತೋರಿಸಿದ. ಎಲ್ಲ ಇಂಗ್ಲಿಷ್. ಹಿಂದಿನ ಹಾಳೆಗಳಲ್ಲಿ ಉದ್ದಕ್ಕೆ ಮನೆಗಳನ್ನು ಹಾಕಿ ಅಂಕಿ ತುಂಬಿದ್ದರು, ಹೆಸರಿಲ್ಲ, ಬರೀ ನಂಬರು. ಅಂಕಿ ನನಗೆ ಬರುತ್ತವೆ. ನಮ್ಮ ಊರಿನ ಹಾಳೆಯಲ್ಲಿ ಹನ್ನೊಂದರ ಸಾಲಿಗೆ ಬೆರಳಿಟ್ಟೆ, ಇನ್ನೊಂದು ಕೈಯ ಬೆರಳನ್ನು ಹನ್ನೆರಡರ ಸಾಲಿಗೆ ಇಟ್ಟೆ. ಉಪ್ಪಿನ ಮನೆಯಲ್ಲಿ ಅದೇ ಅಂಕಿ. ಅದರ ಮುಂದಿನ ಮನೆಯಲ್ಲೂ ಅದೇ. ಅದರ ಮುಂದೆಯೂ ಅದೇ. ತಾರೀಖೂ ಅದೇ, ಮೊದಲನೆಯ ಕ್ಯಾನಿನದು. ಎರಡನೆಯ ಕ್ಯಾನು ಇಡೀ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಪ್ರಯೋಗಾಲಯದ ದಪ್ಪ ರಿಜಿಸ್ಟರಿನಲ್ಲೂ ತಾನು ನೋಡಿದ್ದಾಗಿ, ಆ ಕ್ಯಾನು ಅಲ್ಲಿಗೂ ಬಂದಿಲ್ಲ ಎಂದು ಶರಣು ಹೇಳಿದ.

ಪುಸ್ತಕದ ಮೊದಲ ಹಾಳೆಗಳಿಗೆ ತಿರುಗಿಸಲು ಹೇಳಿದೆ. ದೊಡ್ಡ ಡಾಕ್ಟರ ಸಹಿ, ಕೆಳಗೆ ತಾರೀಖು. ಜೊತೆಗೆ ಬಂದಿದ್ದ ಮೊಮ್ಮಗಳ ಫೋನಿನಲ್ಲಿ ಆ ವರ್ಷದ ಕ್ಯಾಲೆಂಡರ್ ತೆಗೆಸಿ ನೋಡಿದೆ. ಯಲ್ಲವ್ವ ಕ್ಯಾನಿಗಾಗಿ ಮನೆಯಲ್ಲಿ ಉಳಿದ ಭಾನುವಾರಕ್ಕಿಂತ ಐದು ದಿನ ಮೊದಲು ಪುಸ್ತಕ ಮುಗಿದಿತ್ತು. ನಾನು ಹಸಿ ಅರಿವೆ ಸುತ್ತಿದ ಕ್ಯಾನು ಹಿಡಿದು ಮೆಟ್ಟಿಲು ಹತ್ತಿ ಹೋದಾಗ ಆ ನಾಲ್ಕು ಪುಸ್ತಕಗಳ ರಟ್ಟು ಒಣಗಿತ್ತು.

ಇದರಲ್ಲಿ ಕಡೆಗೆ ಏನು ಬರೆದಿದ್ದಾರೆ ಎಂದು ಶರಣುನನ್ನು ಕೇಳಿದೆ. ಓದಿ ಕನ್ನಡದಲ್ಲಿ ಹೇಳಿದ. ಬೇರೆ ಊರುಗಳಿಗೆ ಹೋಲಿಸಿದರೆ ಈ ಊರಿನ ಹೆಂಗಸರ ಮೂತ್ರಪಿಂಡಗಳಲ್ಲಿ ತೊಂದರೆ ಕಂಡುಬಂದಿಲ್ಲ ಎಂದು ಬರೆದಿದೆಯಂತೆ. ಎರಡು ಸಾಲು ಒಂದೇ ಇರುವುದು ಯಾರ ಕಣ್ಣಿಗೂ ಬೀಳಲಿಲ್ಲವೇ ಎಂದೆ. ಅವನು ಪುಸ್ತಕ ಮುಚ್ಚಿ, "ಯಾರು ನೋಡ್ತಾರಬೇ ಹಿಂದಿನ ಹಾಳಿ" ಎಂದ. ನಾಚಿಕೆಯಿಂದಲೇ ಅಂದ. ಆದರೆ ಪುಸ್ತಕವನ್ನು ಮತ್ತೆ ಕಪಾಟಿಗೆ ಇಡಲು ಒಯ್ದ.

ಅನುಷಾಳ ನಂಬರು ನನ್ನ ಫೋನಿನಲ್ಲಿ ಇನ್ನೂ ಇತ್ತು. ಈಗ ಅವಳು ಬೇರೆ ದೊಡ್ಡ ಊರಿನಲ್ಲಿ ದೊಡ್ಡ ಡಾಕ್ಟರು. ನನ್ನ ದನಿ ಕೇಳಿದ ತಕ್ಷಣ ಅಜ್ಜಿ ಎಂದಳು. ಮರೆತಿರಲಿಲ್ಲ. ಮರೆತಿದ್ದರೆ ನನಗೆ ಹಗುರವಾಗುತ್ತಿತ್ತು. ಯಲ್ಲವ್ವನ ಸುದ್ದಿ ಹೇಳಿದೆ. ಒಂದು ನಂಬರು ತೆಗೆದರೂ ಎಲ್ಲ ಲೆಕ್ಕ ಹೊಸದಾಗಿ ಮಾಡಬೇಕಿತ್ತು, ಸರ್ ಒಪ್ಪುತ್ತಿರಲಿಲ್ಲ, ಪರೀಕ್ಷೆ ಹೋಗುತ್ತಿತ್ತು ಎಂದಳು. ಅದು ಸರಿ, ಪುಸ್ತಕ ನಿನ್ನದು, ಏನಾದರೂ ಬರೆದುಕೋ. ನಾನು ಹೊತ್ತು ತಂದ ಕ್ಯಾನು ಏನಾಯಿತು ಎಂದು ಕೇಳಿದೆ.

"ಎರಡು ದಿನ ಫ್ರಿಜ್ ಇಲ್ದೆ ಇಟ್ಟಿದ್ದು ಅಜ್ಜಿ. ಅದನ್ನ ಲ್ಯಾಬಿಗೆ ಕೊಟ್ರೂ ತಗೊಳ್ತಿರ್ಲಿಲ್ಲ. ನಿಮಗೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

"ಹಂಗಂತ ಅವತ್ತ ಹೇಳಿದ್ರ ಆಗ್ತಿತ್ತಲ್ಲ ಯವ್ವಾ," ಎಂದೆ. "ಇನ್ನೊಂದ ತುಂಬಿಸಿ ತರ್ತಿದ್ನಿ."

ಅವಳು ಅಳುವ ಸದ್ದು ಕೇಳಿತು. ನಾನು ಫೋನು ಇಟ್ಟೆ. ಅವಳ ಅಳು ಅವಳಿಗೆ, ನನಗೆ ಯಲ್ಲವ್ವನ ಅಡಿಗೆ ಮಾಡುವುದಿತ್ತು.

ನಾನು ತಪ್ಪು ಮಾಡಿದ್ದೆ. ಬಾಗಿಲು ಮುಂದೆ ಮಾಡಿ ಒಪ್ಪಿಕೊಂಡೂ ಇದ್ದೆ. ಒಪ್ಪಿಕೊಂಡವಳ ಕೈಗೆ ಅನುಷಾ ಖಾಲಿ ಕ್ಯಾನು ಕೊಟ್ಟು ಹೋದಳಲ್ಲ, ಅದು ನನಗೆ ಇಳಿಯುವುದಿಲ್ಲ. ತೊಂದರೆ ಇದ್ದರೆ ಅವಳೇ ಬಂದು ಹೇಳುತ್ತಾಳೆ ಎಂದು ಹದಿನೆಂಟು ಮನೆಗಳ ಬಾಗಿಲಲ್ಲಿ ನಿಂತು ಹೇಳಿದ ಬಾಯಿ ನನ್ನದು. ಓಣಿಯಲ್ಲಿ ಯಾರೂ ನನಗೆ ಒಂದು ಮಾತು ಅಂದಿಲ್ಲ. ಆದರೆ ಈಗ ಸರಕಾರಿ ನರ್ಸಮ್ಮ ಯಾವ ಚೀಟಿ ಹಿಡಿದು ಬಂದರೂ ಯಾರೂ ನನ್ನನ್ನು ಕರೆದು ಓದಿಸುವುದಿಲ್ಲ.

ಈಗ ಯಲ್ಲವ್ವನಿಗೆ ಉಪ್ಪು ಅಳೆದು ಹಾಕಬೇಕು, ನೀರು ಅಳೆದು ಕೊಡಬೇಕು. ಚಿಟಿಕೆ ಬಿಟ್ಟು ಸಣ್ಣ ಚಮಚ ಕೊಂಡಿದ್ದೇನೆ. ಅವಳ ಅಡಿಗೆ ನನ್ನ ಒಲೆಯ ಮೇಲೆಯೇ. ಉಪ್ಪಿನ ಚೀಲ ಪಾಲು ಮಾಡುವುದು ನಿಂತಿದೆ.

ಪುಸ್ತಕ ನೋಡಿದ ಆ ದಿನ ನಾನು ವಾರ್ಡಿನ ಒಳಗೆ ಹೋದಾಗ ಯಲ್ಲವ್ವ ಮಂಚದ ಮೇಲೆ ಒರಗಿದ್ದಳು. ತೋಳಿನಿಂದ ರಕ್ತದ ಎರಡು ನಳಿಕೆ ಯಂತ್ರಕ್ಕೆ ಹೋಗಿದ್ದವು. ಕಿಟಕಿಯಿಂದ ಶರಣು ಪುಸ್ತಕ ಹಿಡಿದು ಹೋಗುವುದನ್ನು ನೋಡಿದ್ದಳು.

"ಯಕ್ಕಾ, ಅದ್ರಾಗ ನನ್ನ ಬಗ್ಗೆ ಏನ್ ಬರದಾರ?"

ಸುಳ್ಳು ಹೇಳಬಹುದಿತ್ತು. ಅವಳಿಗೆ ಸುಳ್ಳು ಸಾಕಾಗಿತ್ತು.

"ನಿನ್ನ ಬಗ್ಗೆ ಏನೂ ಬರದಿಲ್ಲ. ನನ್ನ ಬಗ್ಗೇನ ಎರಡ ಸಲ ಬರದಾರ."

ಅವಳು ಯಂತ್ರದ ಕಡೆ ನೋಡಿದಳು. ಅದು ತಿರುಗುತ್ತಿತ್ತು. ಮೂವತ್ತು ವರ್ಷ ನನಗೆ ಬೈದವಳು ಆಗ ಬೈಯುತ್ತಾಳೆ ಎಂದು ಕಾಯುತ್ತ ನಿಂತೆ. ಬೈಯಲಿಲ್ಲ.

"ಹಂಗಿದ್ರ ಆ ಐತವಾರ ನಾ ಗುಂಪಿನ ಜೋಡಿ ಹೋಗಿದ್ರ ಆಗ್ತಿತ್ತು," ಎಂದಳು. "ಸಾಲಿನ ಮುಂದಿನ ಜಾಗಾ ನಂದಿತ್ತು."